ಮರ ಬಿಡುವ ಆವಿಯ ಲೆಕ್ಕ



ನೀಲಗಿರಿ ಎಲೆ ಹಿಸುಕಿದರೆ ಘಮ್ಮೆನ್ನುತ್ತದಲ್ಲ, ಅದರಲ್ಲಿ ಹೈಡ್ರೋಕಾರ್ಬನ್ ಆವಿಯೂ ಇದೆ. ಐಸೊಪ್ರೀನ್ ಎಂಬ ಇನ್ನೊಂದನ್ನೂ ಆ ಮರ ಬಿಡುತ್ತದೆ. ಬಿಸಿಲೇರಿದಂತೆ ಹೆಚ್ಚು, ರಾತ್ರಿ ಇಲ್ಲವೆನ್ನುವಷ್ಟು. ಮರದ ಜಾತಿ, ಎಲೆಯ ಹರವು, ಬೆಳಕು, ತಾಪ ಕೊಟ್ಟರೆ ಇಡೀ ಕಾಡಿನ ಲೆಕ್ಕ ಹಾಕುವ ‘ಮೇಗನ್’ ಎಂಬ ಕಂಪ್ಯೂಟರ್ ಮಾದರಿ ಇದೆ. ಅದರ ಪ್ರಕಾರ ಜಗತ್ತಿನ ಗಿಡಮರಗಳ ಐಸೊಪ್ರೀನ್ ವರ್ಷಕ್ಕೆ ಸುಮಾರು 50 ಕೋಟಿ ಟನ್!

ಈ ಲೆಕ್ಕ ಯಾರಿಗೆ ಬೇಕು ಎನ್ನಬೇಡಿ. ಅಮೆರಿಕದಲ್ಲಿ ಓಝೋನ್ ಮಾಲಿನ್ಯ ತಗ್ಗಿಸಲು ವಾಹನ, ಕಾರ್ಖಾನೆಗಳ ಹೈಡ್ರೋಕಾರ್ಬನ್ನಿಗೆ ಕಡಿವಾಣ ಹಾಕುತ್ತಿದ್ದರು. 1988ರಲ್ಲಿ ವಿಜ್ಞಾನಿಗಳು ಅಟ್ಲಾಂಟಾ ನಗರದ ಮರಗಳ ಪಾಲನ್ನೂ ಕೂಡಿಸಿ ನೋಡಿ, ಅಷ್ಟೇ ಸಾಲದು, ಹೊಗೆಯ ನೈಟ್ರೋಜನ್ ಆಕ್ಸೈಡನ್ನೂ ಇಳಿಸಬೇಕೆಂದು ತೋರಿಸಿದರು. ಹಾಗೆಂದು ಮರವನ್ನು ದೂರಬೇಡಿ. ವಾಹನದ ಹೊಗೆ ಬೆರೆಯದ ಕಾಡಿನಲ್ಲಿ ಅದೇ ಆವಿ ಓಝೋನನ್ನು ಅಷ್ಟಾಗಿ ಹುಟ್ಟಿಸುವುದಿಲ್ಲ.