ಕೂವೆಮರ ಮುರಿದಾಗ
(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ತುಮಕೂರು ರಸ್ತೆಯ ನಮ್ಮ ಮಾಕಳಿಗೆ ಹಾಯಿದೋಣಿ ಎಲ್ಲಿಂದ ಬಂತು ಅಂತ ನೀವು ನಗಬಹುದು. ಆದರೆ ಗಾಡಿಯ ಮೂಕಿ ಬಿರುಕು ಬಿಟ್ಟ ಕಷ್ಟ ಬಲ್ಲ ನಮಗೆ, ಹಾಯಿ ಕಟ್ಟುವ ಕೂವೆಮರದ ಕಷ್ಟವೂ ಬೇಗ ಅರ್ಥವಾಗುತ್ತದೆ.

ಕೊಡಗು, ಕೆನರಾ ಕಾಡುಗಳಲ್ಲಿ ನೆಟ್ಟಗೆ ಬೆಳೆಯುವ, ಸುರಹೊನ್ನೆ ಜಾತಿಗೆ ಸೇರಿದ ಮರವೊಂದನ್ನು ಬ್ರಿಟಿಷರು 'ಪೂನ್‌ಸ್ಪಾರ್' ಎಂದು ಕರೆದು, ಹಡಗಿನ ಕೂವೆಗೆಂದೇ ಕಡಿಸುತ್ತಿದ್ದರು. ಕೂವೆಯಲ್ಲಿ ಉದ್ದುದ್ದ ಸೀಳು ಕಂಡರೆ ಅಷ್ಟು ಭಯವಿಲ್ಲ, ಒಣಗಿದ ಮರ ಸೀಳುವುದು ಸಹಜ. ಅಡ್ಡ ಬಿರುಕನ್ನು ಮಾತ್ರ ನಂಬಬಾರದು. ನೀರು ನಿಂತು ಬುಡ ಮೆತ್ತಗಾಗಿದ್ದರೆ ಆ ಭಾಗ ಕೊಯ್ದು ಹೊಸ ತುಂಡು ಬೆಸೆಯುತ್ತಾರೆ. 4 ಅಂಗುಲ ದಪ್ಪದ ಮರಕ್ಕೆ ಸುಮಾರು 40 ಅಂಗುಲ ಉದ್ದದ ಓರೆ ಕೊಯ್ತ ಬೇಕು. ಮೋಟು ಬೆಸುಗೆ ನಿಲ್ಲೋದಿಲ್ಲ.

ನಡುಗಡಲಿನಲ್ಲಿ ಬಡಗಿ ಎಲ್ಲಿ ಸಿಗಬೇಕು? ಒಬ್ಬೊಬ್ಬರೇ ಜಗತ್ತು ಸುತ್ತುವ ಗೋಲ್ಡನ್ ಗ್ಲೋಬ್ ಪಂದ್ಯದಲ್ಲಿ, 2018ರ ಸೆಪ್ಟೆಂಬರಿನಲ್ಲಿ, ನಮ್ಮ ನೌಕಾಪಡೆಯ ಅಭಿಲಾಷ್ ಟಾಮಿಯವರ ದೋಣಿ ಹಿಂದೂ ಮಹಾಸಾಗರದ ಬಿರುಗಾಳಿಗೆ ಉರುಳಿ ಕೂವೆ ಮುರಿಯಿತು. ಬೆನ್ನುಮೂಳೆಗೂ ಪೆಟ್ಟಾಗಿ ಅವರಿಗೆ ಏಳಲಾಗಲಿಲ್ಲ. ಅದೇ ಬಿರುಗಾಳಿಗೆ ಐರ್ಲೆಂಡಿನ ಗ್ರೆಗರ್ ಮೆಕ್‌ಗಕಿನ್ನರ ಕೂವೆಯೂ ಹೋಗಿತ್ತು. ಅವರು ಇದ್ದುದರಲ್ಲೇ ತಾತ್ಕಾಲಿಕ ಕೂವೆ ನಿಲ್ಲಿಸಿ, ಹಗ್ಗ ಬಿಗಿದು, ದೋಣಿಯನ್ನು ದಡದ ಕಡೆಗಲ್ಲ, ಟಾಮಿಯವರ ಕಡೆಗೆ ತಿರುಗಿಸಿದರು. ನೋಡಿ, ಸಹಕಾರ ಅನ್ನೋದು ನಮ್ಮ ಬೈಲಾದಲ್ಲಿ ಮಾತ್ರ ಇಲ್ಲ! ಸೆಪ್ಟೆಂಬರ್ 24ರಂದು ಫ್ರಾನ್ಸಿನ 'ಓಸಿರಿಸ್' ಹಡಗು ಮೊದಲು ಟಾಮಿಯವರನ್ನು, ಆಮೇಲೆ ಮೆಕ್‌ಗಕಿನ್ನರನ್ನು ಹತ್ತಿಸಿಕೊಂಡಿತು.

ಟಾಮಿಯವರು 2022ರಲ್ಲಿ ಅದೇ ಪಂದ್ಯಕ್ಕೆ ಮತ್ತೆ ಹೊರಟರು. 2023ರ ಏಪ್ರಿಲ್‌ನಲ್ಲಿ ಎರಡನೆಯವರಾಗಿ ದಡ ಮುಟ್ಟಿದರು.