ಮಾತ್ರೆ ಬಿಡುವ ಹೊತ್ತು



ಔಷಧದ ಬಗ್ಗೆ ನಮ್ಮ ಜನರಲ್ಲಿ ಎರಡು ಬಗೆಯ ತಿಳಿವಳಿಕೆ ಇದೆ. ಮೊದಲನೆಯದು ಜ್ವರದ ತಿಳಿವಳಿಕೆ. ಮೈ ಬಿಸಿಯಾಯಿತು, ಮಾತ್ರೆ ನುಂಗಿದೆವು, ಬೆವರಿತು, ಬಿಟ್ಟೆವು. ಎರಡನೆಯದು ಸಕ್ಕರೆ ಕಾಯಿಲೆಯದು, ಬಿ.ಪಿ.ಯದು. ಒಮ್ಮೆ ಶುರುವಾದರೆ ಚಿತೆಯವರೆಗೂ ಬಿಡುವಂತಿಲ್ಲ. ನಾಟಿ ವೈದ್ಯದಲ್ಲಿ ಇವೆರಡರ ನಡುವಿನದೊಂದು ಲೆಕ್ಕವಿತ್ತು. ಒಂದು ಮಂಡಲ, ಅಂದರೆ 48 ದಿನ, ಪಥ್ಯವಿದ್ದು ಔಷಧ ತೆಗೆದುಕೊಂಡರೆ ಮುಗಿಯಿತು. ಆ ಔಷಧ ಎಷ್ಟು ಕೆಲಸ ಮಾಡುತ್ತಿತ್ತು ಎಂಬ ಪ್ರಶ್ನೆ ಬೇರೆ. ಅದಕ್ಕೊಂದು ಕೊನೆಯ ದಿನ ಗೊತ್ತಾಗಿತ್ತು ಎಂಬುದನ್ನು ಮಾತ್ರ ಇಲ್ಲಿ ಗಮನಿಸಬೇಕು.

ಖಿನ್ನತೆ, ಆತಂಕ, ಉನ್ಮಾದ ಮತ್ತು ಖಿನ್ನತೆ ಸರದಿಯಂತೆ ಬರುವ ಬೈಪೋಲಾರ್ ಕಾಯಿಲೆ, ಇವುಗಳ ಔಷಧಗಳು ಈ ಮೂರೂ ಲೆಕ್ಕಕ್ಕೆ ಸಿಗುವುದಿಲ್ಲ. ಕೆಲವರಿಗೆ ಒಂದು ವರ್ಷ ಸಾಕು, ಕೆಲವರಿಗೆ ಎರಡು ಮೂರು ವರ್ಷ, ಇನ್ನು ಕೆಲವರಿಗೆ ಬಹುಕಾಲ ಬೇಕು. ಯಾರು ಯಾವ ಸಾಲಿಗೆ ಸೇರಿದವರೆಂದು ರಕ್ತ ಪರೀಕ್ಷೆ ಮಾಡಿ ಹೇಳಲು ಬರುವುದಿಲ್ಲ. ಆದ್ದರಿಂದ ರೋಗಿ ತನಗೆ ಗೊತ್ತಿರುವ ಲೆಕ್ಕವನ್ನೇ ಹಿಡಿಯುತ್ತಾನೆ. ಚೆನ್ನಾಗಿದ್ದೇನೆ ಅನ್ನಿಸಿದ ದಿನ ಜ್ವರದ ಮಾತ್ರೆಯಂತೆ ಇದನ್ನೂ ಬಿಡುತ್ತಾನೆ. ಇಲ್ಲವೇ, ಇದು ಸಾಯುವತನಕ ಎಂದು ಯಾರೋ ಹೇಳಿದ್ದು ಕೇಳಿ ಹೆದರಿ ಬಿಡುತ್ತಾನೆ.

ಗುಬ್ಬಿಯ ಕಡೆಯ ಒಂದು ಮನೆಯನ್ನು ಊಹಿಸಿಕೊಳ್ಳಿ. ಹೆರಿಗೆಯಾದ ಮೇಲೆ ಸೊಸೆ ಮಂಕಾದಳು. ಮಗುವನ್ನೂ ಎತ್ತಿಕೊಳ್ಳುತ್ತಿರಲಿಲ್ಲ. ತುಮಕೂರಿಗೆ ಕರೆದುಕೊಂಡು ಹೋಗಿ ತೋರಿಸಿದರು, ಮಾತ್ರೆ ಕೊಟ್ಟರು. ಎರಡು ತಿಂಗಳಲ್ಲಿ ಮುಖದಲ್ಲಿ ಗೆಲುವು ಬಂತು. ಮೂರನೆಯ ತಿಂಗಳು ಅತ್ತೆ ಕೇಳುತ್ತಾರೆ: ‘ಚೆನ್ನಾಗಿದೀಯಲ್ಲವ್ವ, ಇನ್ನೂ ಯಾಕೆ ಆ ಮಾತ್ರೆ? ಮೈಗೆ ಉಷ್ಣ.’ ಆ ಮಾತಿನಲ್ಲಿ ಕೆಟ್ಟತನವೇನೂ ಇಲ್ಲ, ಇರುವುದು ಅಕ್ಕರೆ. ಸೊಸೆಗೂ ಬಿಡಬೇಕೆಂದೇ ಇದೆ. ಹಗಲೆಲ್ಲ ತೂಕಡಿಕೆ, ಬಾಯಿ ಒಣಗುವುದು, ಮೈ ತೂಕ ಏರುವುದು, ಗಂಡನ ಹತ್ತಿರವೂ ಹೇಳಿಕೊಳ್ಳಲಾಗದ ಇನ್ನೊಂದು ತೊಂದರೆ. ದಾಂಪತ್ಯದ ಆಸೆಯನ್ನೇ ಕುಂದಿಸುವುದು ಖಿನ್ನತೆಯ ಹಲವು ಮಾತ್ರೆಗಳ ಸಾಮಾನ್ಯ ಅಡ್ಡ ಪರಿಣಾಮ. ವೈದ್ಯರು ಅದನ್ನು ಕೇಳುವುದಿಲ್ಲ, ಇವರು ಹೇಳುವುದಿಲ್ಲ. ಮಾತ್ರೆ ಮಾತ್ರ ನಿಂತುಹೋಗುತ್ತದೆ.

ಮುಂದಿನ ವಾರ ಅವಳಿಗೆ ತಲೆ ಸುತ್ತು, ವಾಕರಿಕೆ, ಕಾರಣವಿಲ್ಲದ ಅಳು. ನಿದ್ದೆ ಹತ್ತಿದರೆ ವಿಚಿತ್ರ ಕನಸು. ಕತ್ತು ಹೊರಳಿಸಿದರೆ ತಲೆಯೊಳಗೆ ಕರೆಂಟು ಹೊಡೆದಂತೆ. ‘ನೋಡಿ, ಕಾಯಿಲೆ ಮತ್ತೆ ಬಂತು’ ಎನ್ನುತ್ತದೆ ಮನೆ. ‘ಚಟ ಹಿಡಿಸಿಬಿಟ್ಟರು’ ಎನ್ನುತ್ತದೆ ಪಕ್ಕದ ಮನೆ. ನಿಜಕ್ಕೂ ಆಗಿರುವುದು ಎರಡೂ ಅಲ್ಲದಿರಬಹುದು.

ಇಲ್ಲಿ ಸ್ವಲ್ಪ ನಿಧಾನಿಸಬೇಕು. ತಿಂಗಳುಗಟ್ಟಲೆ ಒಂದು ಔಷಧ ಒಳಗಿದ್ದರೆ ಮಿದುಳು ಅದಕ್ಕೆ ಹೊಂದಿಕೊಂಡಿರುತ್ತದೆ. ಔಷಧವನ್ನು ಥಟ್ಟನೆ ತೆಗೆದರೆ ಹೊಸ ಹೊಂದಾಣಿಕೆಗೆ ಸಮಯ ಸಾಲದೆ ದೇಹ ತೊಡಕು ತೋರಿಸುತ್ತದೆ. ಇದು ಔಷಧ ಬಿಟ್ಟದ್ದರ ತೊಂದರೆ. ಮಾತ್ರೆ ನಿಂತ ಕೆಲವೇ ದಿನಗಳಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಮೂಲ ಕಾಯಿಲೆಯಲ್ಲಿ ಇರದಿದ್ದ ತಲೆಸುತ್ತು, ಕರೆಂಟಿನ ಅನುಭವ ಇದರಲ್ಲಿರುತ್ತದೆ. ಮಾತ್ರೆಯನ್ನು ಮತ್ತೆ ಕೊಟ್ಟರೆ ಬೇಗ ಇಳಿಯುತ್ತದೆ. ಕಾಯಿಲೆ ಮರುಕಳಿಸುವ ರೀತಿ ಬೇರೆ. ಅದು ಸಾಮಾನ್ಯವಾಗಿ ವಾರಗಳೋ ತಿಂಗಳುಗಳೋ ಕಳೆದ ಮೇಲೆ ಮೆಲ್ಲಗೆ ಬರುತ್ತದೆ. ಮೊದಲು ನಿದ್ದೆ ಕೆಡುತ್ತದೆ, ಆಮೇಲೆ ಊಟ ಸೇರುವುದಿಲ್ಲ, ಆಮೇಲೆ ಯಾರೂ ಬೇಡ. ಇವೆರಡನ್ನು ಬೇರೆ ಮಾಡಿ ನೋಡದಿದ್ದರೆ ಎರಡು ಕಡೆಯೂ ಅನ್ಯಾಯವಾಗುತ್ತದೆ. ಮಾತ್ರೆ ಬಿಡಬಹುದಾದವರು ಹೆದರಿ ವರ್ಷಗಟ್ಟಲೆ ನುಂಗುತ್ತಾರೆ. ಬಿಡಬಾರದವರು ‘ಇದೆಲ್ಲ ಔಷಧದ ನಶೆ ಇಳಿಯುತ್ತಿರುವುದು’ ಎಂದುಕೊಂಡು ಕಾಯಿಲೆಯ ಬಾಯಿಗೆ ಬೀಳುತ್ತಾರೆ.

ಈ ತೊಂದರೆ ಎಷ್ಟು ಜನರಿಗೆ? 2024ರಲ್ಲಿ ‘ಲ್ಯಾನ್ಸೆಟ್ ಸೈಕಿಯಾಟ್ರಿ’ ಪತ್ರಿಕೆ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ಲೆಕ್ಕವೊಂದನ್ನು ಪ್ರಕಟಿಸಿತು. ಖಿನ್ನತೆಯ ಔಷಧ ಬಿಟ್ಟವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಏನಾದರೊಂದು ತೊಂದರೆ ಆಗಿತ್ತು. ತಮಾಷೆಯೆಂದರೆ, ಔಷಧವೇ ಇಲ್ಲದ ಸಪ್ಪೆ ಗುಳಿಗೆ ಬಿಟ್ಟವರಲ್ಲೂ ಸುಮಾರು ಆರರಲ್ಲಿ ಒಬ್ಬರು ಅದೇ ತೊಂದರೆ ಹೇಳಿದ್ದರು. ತೀವ್ರವಾಗಿ ನರಳಿದವರು ಸುಮಾರು 35ರಲ್ಲಿ ಒಬ್ಬರು. ಬಹುಕಾಲ ಮಾತ್ರೆ ತೆಗೆದುಕೊಂಡವರಲ್ಲಿ ಇದು ಹೆಚ್ಚಿರಬಹುದೆಂದು ವಾದಿಸುವ ವೈದ್ಯರೂ ಇದ್ದಾರೆ. ಯಾವ ಮಾತ್ರೆ ಎಂಬುದರ ಮೇಲೂ ಇದು ನಿಂತಿದೆ. ಪ್ಯಾರಾಕ್ಸೆಟೀನ್, ವೆನ್ಲಾಫ್ಯಾಕ್ಸೀನ್ ದೇಹದಿಂದ ಬೇಗ ಖಾಲಿಯಾಗುವಂಥವು, ಬಿಟ್ಟಾಗ ಹೆಚ್ಚು ಕಾಡುತ್ತವೆ. ಫ್ಲುಆಕ್ಸೆಟೀನ್ ವಾರಗಟ್ಟಲೆ ಒಳಗೇ ಉಳಿದು ತಾನಾಗಿಯೇ ನಿಧಾನವಾಗಿ ಇಳಿಯುತ್ತದೆ.

ನಿಧಾನವಾಗಿ ಇಳಿಸುವುದು ಎಂದರೇನು? ಇಪ್ಪತ್ತು ಮಿಲಿಗ್ರಾಂನಿಂದ ಹತ್ತಕ್ಕೆ, ಹತ್ತರಿಂದ ಸೊನ್ನೆಗೆ, ಎಂದು ಸರಿಸಮನಾಗಿ ಅರ್ಧರ್ಧ ಮಾಡಿದರೆ ಆಯಿತಲ್ಲ ಎನ್ನಬಹುದು. ಹಾಗಾಗುವುದಿಲ್ಲ. ಸಾರಿಗೆ ಉಪ್ಪು ಹಾಕುವವರಿಗೆ ಇದು ಬೇಗ ತಿಳಿಯುತ್ತದೆ. ಸಪ್ಪೆ ಸಾರಿಗೆ ಮೊದಲ ಚಿಟಿಕೆ ಬಿದ್ದಾಗ ರುಚಿ ಒಮ್ಮೆಲೇ ಬದಲಾಗುತ್ತದೆ, ನಾಲ್ಕನೆಯ ಚಿಟಿಕೆಗೆ ಅಷ್ಟು ಗೊತ್ತಾಗುವುದಿಲ್ಲ. ತೆಗೆಯುವಾಗ ಇದೇ ತಿರುಗುಮುರುಗು. ಮಿದುಳಿನ ಮೇಲೆ ಔಷಧದ ಹಿಡಿತದ ಬಹುಪಾಲು ಸಣ್ಣ ಪ್ರಮಾಣದಲ್ಲೇ ಸಿಕ್ಕಿಬಿಟ್ಟಿರುತ್ತದೆ. ಹಾಗಾಗಿ ಮೊದಲರ್ಧ ಇಳಿಸುವುದು ಸುಲಭ, ಕೊನೆಯ ಚೂರು ಬಿಡುವುದೇ ಕಷ್ಟ. ಮಾರ್ಕ್ ಹೊರೊವಿಟ್ಜ್ ಮತ್ತು ಡೇವಿಡ್ ಟೇಲರ್ 2019ರಲ್ಲಿ ಇದನ್ನು ವಿವರಿಸಿ ಬರೆದ ಮೇಲೆ, ಕೊನೆಕೊನೆಗೆ ಹೆಜ್ಜೆಗಳನ್ನು ಇನ್ನೂ ಚಿಕ್ಕದು ಮಾಡಬೇಕೆಂಬ ಮಾತಿಗೆ ಬೆಲೆ ಬಂತು. ಆದರೆ ಅಂಗಡಿಯಲ್ಲಿ ಸಿಗುವ ಅತಿ ಸಣ್ಣ ಮಾತ್ರೆಯನ್ನೂ ಅರ್ಧ, ಕಾಲು ಮಾಡುವುದು ಸುಲಭವಲ್ಲ. ಕೆಲವನ್ನು ಮುರಿಯಲೇಬಾರದು. ಇದನ್ನು ಮನೆಯಲ್ಲಿ ಬ್ಲೇಡು ಹಿಡಿದು ಕೂತು ಮಾಡದೆ ವೈದ್ಯರನ್ನು ಕೇಳಿಯೇ ಮಾಡಬೇಕಾಗುತ್ತದೆ.

ಮೇಲೆ ಹೇಳಿದ್ದೆಲ್ಲ ಖಿನ್ನತೆಯ ಮಾತ್ರೆಗಳ ಮಾತಾಯಿತು. ಜನರ ಬಾಯಲ್ಲಿ ‘ನಿದ್ದೆ ಮಾತ್ರೆ’, ‘ಟೆನ್ಷನ್ ಮಾತ್ರೆ’ ಆಗಿರುವ ಆಲ್ಪ್ರಜೋಲಾಮ್, ಕ್ಲೊನಜೆಪಾಮ್, ಡಯಾಜೆಪಾಮ್‌ಗಳ ಕಥೆಯೇ ಬೇರೆ. ಆತಂಕಕ್ಕೆ ಕ್ಷಣದಲ್ಲಿ ಹಿತ ಕೊಡುವ ಇವನ್ನು ಎರಡರಿಂದ ನಾಲ್ಕು ವಾರಕ್ಕಿಂತ ಹೆಚ್ಚು ಕೊಡಬಾರದೆಂಬುದು ವೈದ್ಯಕೀಯ ಸಲಹೆ. ಇವುಗಳಿಗೆ ದೇಹ ಒಗ್ಗಿಹೋಗುವುದು ನಿಜ. ವರ್ಷಗಟ್ಟಲೆ ತೆಗೆದುಕೊಂಡವರು ಒಂದೇ ದಿನ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಪ್ರಾಣಕ್ಕೂ ಅಪಾಯವಾಗಬಹುದು. ಆಲ್ಪ್ರಜೋಲಾಮ್, ಡಯಾಜೆಪಾಮ್ ಮುಂತಾದವು 2014ರ ಮಾರ್ಚಿನಿಂದ ‘ಎಚ್1’ ಪಟ್ಟಿಯಲ್ಲಿವೆ. ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ, ರೋಗಿಯ ಮತ್ತು ವೈದ್ಯರ ಹೆಸರನ್ನು ಪುಸ್ತಕದಲ್ಲಿ ಬರೆದಿಡಬೇಕು. ಹಳೇ ಚೀಟಿ ತೋರಿಸಿ ವರ್ಷಾನುಗಟ್ಟಲೆ ಮಾತ್ರೆ ಕೊಳ್ಳುವ ಹಿರಿಯರು ನಮ್ಮ ಊರುಗಳಲ್ಲಿ ಅಪರೂಪವೇನಲ್ಲ. ‘ಇನ್ನು ಕೊಡಲ್ಲ’ ಎಂದು ಅಂಗಡಿಯವರು ಒಂದು ದಿನ ಕಡ್ಡಿ ಮುರಿದಂತೆ ಹೇಳಿದರೆ ಅದು ಕಾನೂನಿನ ಪ್ರಕಾರ ಸರಿಯೇ. ಆದರೆ ಅವರು ಅಲ್ಲಿಂದ ಹೋಗಬೇಕಾದದ್ದು ಮನೆಗಲ್ಲ, ವೈದ್ಯರ ಬಳಿಗೆ ಎಂದೂ ಯಾರಾದರೂ ಹೇಳಬೇಕಲ್ಲ.

ಲಿಥಿಯಂ ಮೂರನೆಯ ಬಗೆ. ಆಸ್ಟ್ರೇಲಿಯಾದ ಜಾನ್ ಕೇಡ್ 1949ರಲ್ಲಿ ಉನ್ಮಾದಕ್ಕೆ ಇದನ್ನು ಬಳಸಿ ಬರೆದರು. ಬೈಪೋಲಾರ್ ಕಾಯಿಲೆಯಲ್ಲಿ ಆತ್ಮಹತ್ಯೆಯ ಅಪಾಯವನ್ನು ತಗ್ಗಿಸುವ ಔಷಧ ಎಂಬ ಹೆಸರು ಇದಕ್ಕಿದೆ. ಥೈರಾಯ್ಡ್ ಮತ್ತು ಮೂತ್ರಪಿಂಡಗಳ ಮೇಲೆ ಕಣ್ಣಿಟ್ಟು, ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತ ತೆಗೆದುಕೊಳ್ಳಬೇಕು. ಇದನ್ನು ಥಟ್ಟನೆ ಬಿಟ್ಟರೆ ಉನ್ಮಾದ ಮರುಕಳಿಸುವ ಸಂಭವ ಹೆಚ್ಚು, ನಿಧಾನವಾಗಿ ಇಳಿಸಿದರೆ ಕಡಿಮೆ. ಕೆರೆಯ ತೂಬನ್ನು ಹದವಾಗಿ ಎತ್ತುವುದಕ್ಕೂ ಏರಿ ಒಡೆಯುವುದಕ್ಕೂ ಇರುವ ವ್ಯತ್ಯಾಸವನ್ನು ಕುಣಿಗಲ್ಲಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟೆಲ್ಲ ತೊಡಕಿನ ಕೆಲಸ ಮನೆಯವರ ತಲೆಗೆ ಹೇಗೆ ಬಂತು? ಇದಕ್ಕೊಂದು ಚರಿತ್ರೆಯಿದೆ. 1952ರಲ್ಲಿ ಪ್ಯಾರಿಸ್ಸಿನಲ್ಲಿ ಕ್ಲೋರ್‌ಪ್ರೋಮಜೀನ್ ಬಳಕೆಗೆ ಬರುವ ಮೊದಲು ಮನೋರೋಗಕ್ಕೆ ಆಸ್ಪತ್ರೆಯೆಂದರೆ ಬಹುಮಟ್ಟಿಗೆ ಇರುವ ಜಾಗ. ನಮ್ಮ ದೇಶದಲ್ಲಿ ಅದಕ್ಕೂ ಮುಂಚೆ, 1931ರಲ್ಲಿ, ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಸರ್ಪಗಂಧದ ಬೇರನ್ನು ಉನ್ಮಾದಕ್ಕೂ ರಕ್ತದೊತ್ತಡಕ್ಕೂ ಕೊಟ್ಟು ಬರೆದಿದ್ದರು. 1957ರ ಹೊತ್ತಿಗೆ ಇಮಿಪ್ರಮೀನ್ ಬಂತು, ಖಿನ್ನತೆಗೂ ಮಾತ್ರೆ ಎಂದಾಯಿತು. ಮಾತ್ರೆ ಬಂದ ಮೇಲೆ ರೋಗಿ ಮನೆಗೆ ಹೋಗಬಹುದಾಯಿತು. ಬೆಂಗಳೂರಿನ ನಿಮ್ಹಾನ್ಸ್ ತನ್ನ ಸಕಲವಾರ ಕೇಂದ್ರದಿಂದ ಹಳ್ಳಿಗಳಿಗೆ ಹೊರಟಿತು, 1985ರಲ್ಲಿ ಬಳ್ಳಾರಿಯಲ್ಲಿ ಜಿಲ್ಲಾ ಮಟ್ಟದ ಪ್ರಯೋಗ ನಡೆಸಿತು. ಅದೇ ಮಾದರಿಯ ಮೇಲೆ 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭಿಸಿತು. ನಮ್ಮ ಜಿಲ್ಲೆಯ ತುರುವೇಕೆರೆಯಲ್ಲೂ ನಿಮ್ಹಾನ್ಸ್ ವೈದ್ಯರು ಸ್ಕಿಜೋಫ್ರೇನಿಯಾ ರೋಗಿಗಳನ್ನು ಅವರ ಊರಿನಲ್ಲೇ ನೋಡಿಕೊಳ್ಳುವ ಕೆಲಸ ಮಾಡಿದ್ದಾರೆ. ಇದೆಲ್ಲ ದೊಡ್ಡ ಉಪಕಾರವೇ. ಆದರೆ ಆಸ್ಪತ್ರೆಯ ದಾದಿ ಮಾಡುತ್ತಿದ್ದ ಕಾವಲು ಇದರೊಂದಿಗೆ ಅಮ್ಮನಿಗೋ ಗಂಡನಿಗೋ ಬಂತು. ಮಾತ್ರೆಯ ಡಬ್ಬಿ ಅವರ ಕೈಗೆ ಬಂತು, ಅದರ ಜೊತೆ ಕೊಡಬೇಕಾಗಿದ್ದ ತಿಳಿವಳಿಕೆ ಅಷ್ಟು ಬರಲಿಲ್ಲ.

ಕನ್ನಡದಲ್ಲಿ ಆ ತಿಳಿವಳಿಕೆ ಇರಲಿಲ್ಲವೆಂದು ಹೇಳಲಾಗದು. ‘ಕೊರವಂಜಿ’ಯ ಡಾ. ಎಂ. ಶಿವರಾಂ ಮನೋವೈದ್ಯವನ್ನು ಕುರಿತು ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರ ಕಿರುಪುಸ್ತಕಗಳು ಬಸ್ ನಿಲ್ದಾಣದ ಪುಸ್ತಕದಂಗಡಿಗೂ ತಲುಪಿದವು. ಕಾಯಿಲೆ ಎಂದರೇನೆಂದು ಓದುಗರಿಗೆ ಹೇಳುವ ಕೆಲಸ ಹೀಗೆ ಚೆನ್ನಾಗಿಯೇ ನಡೆಯಿತು. ಔಷಧ ಮುಗಿಸುವ ಬಗೆ ಮಾತ್ರ ಅಷ್ಟಾಗಿ ಮಾತಿಗೆ ಬರಲಿಲ್ಲ. ಬಹುಶಃ, ಬಿಡುವ ಮಾತೆತ್ತಿದರೆ ಎಲ್ಲರೂ ಬಿಟ್ಟುಬಿಡುತ್ತಾರೆಂಬ ಭಯ. ಆ ಭಯಕ್ಕೆ ಕಾರಣವೂ ಇತ್ತು. 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಖಿನ್ನತೆ, ಆತಂಕದಂಥ ಸಾಮಾನ್ಯ ಮನೋರೋಗಗಳಿದ್ದವರಲ್ಲಿ ನೂರಕ್ಕೆ ಸುಮಾರು 85 ಮಂದಿ ಚಿಕಿತ್ಸೆಯ ಹೊರಗೇ ಇದ್ದರು.

ಹಾಗಾದರೆ ಬಿಡಬಹುದೋ ಬಿಡಬಾರದೋ? ಇದಕ್ಕೆ ಸಿಕ್ಕಿರುವ ಒಳ್ಳೆಯ ಉತ್ತರಗಳಲ್ಲೊಂದು ಬ್ರಿಟನ್ನಿನಿಂದ 2021ರಲ್ಲಿ ಬಂತು. ಖಿನ್ನತೆಯ ಮಾತ್ರೆಯನ್ನು ಬಹುಕಾಲದಿಂದ ತೆಗೆದುಕೊಳ್ಳುತ್ತ, ಈಗ ಚೆನ್ನಾಗಿದ್ದೇವೆ, ಬಿಡಬಹುದು ಅನ್ನಿಸಿದ 478 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮಾತ್ರೆ ಮುಂದುವರಿಯಿತು. ಇನ್ನೊಂದಕ್ಕೆ ಹಂತ ಹಂತವಾಗಿ ಇಳಿಸಿ ಸಪ್ಪೆ ಗುಳಿಗೆ ಕೊಟ್ಟರು. ಯಾರಿಗೆ ಯಾವುದೆಂದು ಅವರಿಗೆ ಗೊತ್ತಿರಲಿಲ್ಲ. ಒಂದು ವರ್ಷದಲ್ಲಿ, ಬಿಟ್ಟವರಲ್ಲಿ ನೂರಕ್ಕೆ 56 ಮಂದಿಗೆ ಖಿನ್ನತೆ ಮರುಕಳಿಸಿತು. ಮುಂದುವರಿಸಿದವರಲ್ಲೂ 39 ಮಂದಿಗೆ ಮರುಕಳಿಸಿತು. ಮಾತ್ರೆಗೆ ಬೆಲೆ ಇದೆ ಎಂಬುದಕ್ಕೆ ಈ ಲೆಕ್ಕ ಸಾಕ್ಷಿ. ಬಿಟ್ಟವರಲ್ಲಿ 44 ಮಂದಿ ಆ ವರ್ಷವನ್ನು ಸುಖವಾಗಿ ದಾಟಿದರು ಎಂಬುದಕ್ಕೂ ಇದೇ ಸಾಕ್ಷಿ.

ವೈದ್ಯರ ಸಾಮಾನ್ಯ ಲೆಕ್ಕ ಹೀಗಿದೆ. ಮೊದಲ ಬಾರಿ ಖಿನ್ನತೆ ಬಂದವರು ಗುಣವಾದ ದಿನದಿಂದ ಇನ್ನೂ ಆರರಿಂದ ಒಂಬತ್ತು ತಿಂಗಳು ಮುಂದುವರಿಸಬೇಕು. ಪದೇ ಪದೇ ಬಂದವರು ಎರಡು ವರ್ಷವಾದರೂ ಇರಬೇಕು. ಆತಂಕದ ಕಾಯಿಲೆಗೆ ಗುಣ ಕಂಡಮೇಲೆ ಸುಮಾರು ಒಂದು ವರ್ಷ. ಬೈಪೋಲಾರ್‌ನಲ್ಲಿ ಅವಸರ ಸಲ್ಲದು. ‘ಮಿದುಳಿನಲ್ಲಿ ಸೆರೊಟೋನಿನ್ ಕಡಿಮೆ, ಅದಕ್ಕೆ ಮಾತ್ರೆ’ ಎಂಬ ಹಳೆಯ ಸರಳ ವಿವರಣೆ ಈಗ ನಿಲ್ಲುತ್ತಿಲ್ಲ ಎಂಬುದನ್ನು ಓದಿ ಮಾತ್ರೆ ಎಸೆದವರೂ ಉಂಟು. ಪ್ಯಾರಾಸಿಟಮಾಲ್ ಕಡಿಮೆಯಾಗಿ ಜ್ವರ ಬರುವುದಿಲ್ಲ, ಆದರೂ ಅದರಿಂದ ಜ್ವರ ಇಳಿಯುತ್ತದೆ.

ಮದುವೆಯ ಮಾತೂ ಇಲ್ಲಿ ಬರಬೇಕು. ಹೆಣ್ಣು ನೋಡುವ ಶಾಸ್ತ್ರ ನಿಶ್ಚಯವಾದ ವಾರದಲ್ಲೇ ನಿಂತುಹೋಗುವ ಮಾತ್ರೆಗಳಿವೆ, ತವರಿನ ಬೀರುವಿನಲ್ಲೇ ಉಳಿಯುವ ಮಾತ್ರೆಗಳಿವೆ. ನಿದ್ದೆಗೆಡುವ ಮದುವೆಮನೆ, ಹೊಸ ಮನೆ, ಬೇಗನೆ ಬಸಿರು, ಮುಚ್ಚುಮರೆ ಎಲ್ಲ ಒಟ್ಟಿಗೆ ಬಂದಾಗ ಔಷಧ ಬಿಡಲು ಅದಕ್ಕಿಂತ ಕೆಟ್ಟ ಹೊತ್ತು ಇನ್ನೊಂದಿಲ್ಲ. ಬೈಪೋಲಾರ್ ಇದ್ದವರಿಗೆ ಬಾಣಂತನ ವಿಶೇಷವಾಗಿ ಅಪಾಯದ ಕಾಲ. ವ್ಯಾಲ್‌ಪ್ರೋಯೇಟ್‌ನಂಥ ಕೆಲವು ಔಷಧಗಳು ಗರ್ಭದಲ್ಲಿರುವ ಮಗುವಿಗೆ ಹಾನಿ ಮಾಡುತ್ತವೆ. ಆದ್ದರಿಂದ ಬಸಿರಿಗೆ ಮುಂಚೆಯೇ ವೈದ್ಯರನ್ನು ಕಂಡು ಬದಲಾಯಿಸಿಕೊಳ್ಳಬೇಕು. ಮಾತ್ರೆ ಸಿಕ್ಕಿಬಿದ್ದರೆ ಸಂಬಂಧ ಮುರಿಯುತ್ತದೆಂಬ ಹೆದರಿಕೆಗೆ ಕಾನೂನಿನ ಹೆಸರೂ ಸೇರಿದೆ. 1955ರ ಹಿಂದೂ ವಿವಾಹ ಕಾಯ್ದೆ ಮನೋವ್ಯಾಧಿಯನ್ನು ವಿಚ್ಛೇದನದ ಕಾರಣಗಳಲ್ಲಿ ಸೇರಿಸಿರುವುದು ನಿಜ. ಆದರೆ ಕಾಯಿಲೆಯ ಹೆಸರೊಂದೇ ಸಾಲದು, ಜೊತೆಗೆ ಬಾಳಲಾಗದಷ್ಟು ತೀವ್ರವಾಗಿರಬೇಕು ಎಂದು ಸುಪ್ರೀಂ ಕೋರ್ಟು 1988ರಲ್ಲೇ, ರಾಮನಾರಾಯಣ ಗುಪ್ತ ಪ್ರಕರಣದಲ್ಲಿ, ಸ್ಪಷ್ಟಪಡಿಸಿದೆ.

ಬೇಕೆಂದು ಬಿಡುವವರ ಮಾತು ಇಷ್ಟಾಯಿತು. ಬೇಡದೆಯೂ ಬಿಟ್ಟುಹೋಗುವವರಿದ್ದಾರೆ. ಅಂಗಡಿಯಲ್ಲಿ ಆ ಮಾತ್ರೆ ಇರಲಿಲ್ಲ, ರಾಗಿ ಕೊಯ್ಲಿನಲ್ಲಿ ಒಂದು ದಿನ ಕೂಲಿ ಬಿಟ್ಟು ತುಮಕೂರಿಗೆ ಬರಲಾಗಲಿಲ್ಲ, ಜೊತೆಗೆ ಬರುತ್ತಿದ್ದ ಮಗ ಬೆಂಗಳೂರಿಗೆ ಕೆಲಸಕ್ಕೆ ಹೋದ. ತಾಲ್ಲೂಕು ಆಸ್ಪತ್ರೆಗೇ ಮಂಗಳವಾರಗಳಂದು ಮನೋವೈದ್ಯರು ಬರುವ ‘ಮನೋಚೈತನ್ಯ’ ಕಾರ್ಯಕ್ರಮವನ್ನು ರಾಜ್ಯ ಸರ್ಕಾರ 2014ರಲ್ಲಿ ಆರಂಭಿಸಿದ್ದು ಇಂಥವರಿಗಾಗಿಯೇ. ಆದರೆ ಸಾಲಿನಲ್ಲಿ ಹತ್ತಾರು ಜನ ಕಾದಿರುವಾಗ ಮಾತ್ರೆ ಬರೆದುಕೊಡಲು ಎರಡು ನಿಮಿಷ ಸಾಕು, ಇಳಿಸುವ ಬಗೆ ವಿವರಿಸಲು ಇಪ್ಪತ್ತು ನಿಮಿಷ ಬೇಕು. ಆ ಇಪ್ಪತ್ತು ನಿಮಿಷವನ್ನು ರೋಗಿ ಕೇಳಿ ಪಡೆಯಬೇಕಾಗಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಈ ಹಕ್ಕನ್ನು ಕೊಟ್ಟಿದೆ. ತನ್ನ ಕಾಯಿಲೆ ಯಾವುದು, ಚಿಕಿತ್ಸೆಯ ಯೋಜನೆ ಏನು, ಔಷಧದ ಅಡ್ಡ ಪರಿಣಾಮ ಏನು ಎಂಬುದನ್ನು ತನಗೆ ತಿಳಿಯುವ ಭಾಷೆಯಲ್ಲಿ ಕೇಳಿ ತಿಳಿಯಬಹುದು. ‘ಡಾಕ್ಟ್ರೇ, ಇದು ಎಷ್ಟು ದಿನ? ಬಿಡುವಾಗ ಹೇಗೆ ಬಿಡಬೇಕು?’ ಎಂದು ಮೊದಲ ಚೀಟಿ ಬರೆಸುವ ದಿನವೇ ಕೇಳುವುದು ಒಳ್ಳೆಯದು.

ಬಿಡಲು ಆರಂಭಿಸಿದವರು ಮನೆಯಲ್ಲಿ ಒಬ್ಬರಿಗಾದರೂ ತಿಳಿಸಿರಬೇಕು. ನಿದ್ದೆ ಕಡಿಮೆಯಾದದ್ದು, ಮಾತು ಹೆಚ್ಚಾದದ್ದು ರೋಗಿಗಿಂತ ಮೊದಲು ಕಾಣುವುದು ಪಕ್ಕದಲ್ಲಿರುವವರಿಗೆ. ಸಾಯುವ ಮಾತು ಬಂದರಂತೂ ಒಂದು ದಿನವೂ ಕಾಯಬಾರದು. 2022ರ ಅಕ್ಟೋಬರಿನಲ್ಲಿ ಆರಂಭವಾದ ‘ಟೆಲಿ ಮಾನಸ್’ ದೂರವಾಣಿ 14416ರಲ್ಲಿ ಹಗಲು ರಾತ್ರಿ ಸಿಗುತ್ತದೆ. ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ. ಮೊದಲು ಮಾತನಾಡುವವರು ಆಪ್ತ ಸಲಹೆಗಾರರು. ಮಾತ್ರೆಯ ವಿಷಯವಾದರೆ ಅವರು ಮನೋವೈದ್ಯರಿಗೆ ದಾಟಿಸುತ್ತಾರೆ.