ಸೂಜಿ ಚುಚ್ಚದೆ ಕಣ್ಣಿನ ರಕ್ತನಾಳ ನೋಡುವುದು

"ಹತ್ತೇ ನಿಮಿಷ, ಆಮೇಲೆ ಊಟ" ಎಂದು ಎಚ್ಚರಿಸಿಯೇ ಅಧ್ಯಕ್ಷೆಯವರು ಮೈಕ್ ಕೊಟ್ಟಿದ್ದಾರೆ. ಹಾಗಾಗಿ ನೇರವಾಗಿ ವಿಷಯಕ್ಕೆ ಬರುತ್ತೇನೆ. ನಾನು ಪುಣೆಯ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ಆಪ್ಟೋಮೆಟ್ರಿಸ್ಟ್. ಡಾಕ್ಟರು ನೋಡುವ ಮೊದಲು ಕಣ್ಣಿನ ಹಿಂಭಾಗದ ಚಿತ್ರ ತೆಗೆದುಕೊಡುವುದು ನನ್ನ ಕೆಲಸ.

ಎಲ್ಲೂ ಕೊಯ್ಯದೆ ದೇಹದ ಒಳಗಿನ ರಕ್ತನಾಳಗಳನ್ನು ಸ್ಪಷ್ಟವಾಗಿ ನೋಡಬಹುದಾದ ಜಾಗ ರೆಟಿನಾ. ಪಾಪೆಯೇ ಅದಕ್ಕೆ ಕಿಟಕಿ. ಆ ಕಿಟಕಿಯಲ್ಲಿ ಇಣುಕುವ ಉಪಕರಣವನ್ನು ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1851ರಲ್ಲೇ ಪ್ರಕಟಿಸಿದರು. ಆದರೆ ಅದರಲ್ಲಿ ಕಾಣುವುದು ದೊಡ್ಡ ನಾಳಗಳು. ಕೂದಲಿಗಿಂತ ಸಣ್ಣವನ್ನು ನೋಡಲು 1961ರಲ್ಲಿ ಅಮೆರಿಕದ ನೊವೊಟ್ನಿ ಮತ್ತು ಆಲ್ವಿಸ್ ಒಂದು ದಾರಿ ತೋರಿಸಿದರು. ತೋಳಿನ ನರಕ್ಕೆ ಫ್ಲೋರೆಸೀನ್ ಎಂಬ ಬಣ್ಣ ಚುಚ್ಚಿ, ಅದು ಕಣ್ಣಿಗೆ ಬಂದಾಗ ಸರಸರನೆ ಫೋಟೋ ತೆಗೆಯುವುದು. ಈ ಪರೀಕ್ಷೆ ಇಂದಿಗೂ ಇದೆ. ಸ್ವಲ್ಪ ಹೊತ್ತು ಮೈ ಹಳದಿಯಾಗುತ್ತದೆ. "ಈ ವಯಸ್ಸಲ್ಲಿ ಇನ್ನೊಂದ್ಸಲ ಅರಿಶಿನ ಶಾಸ್ತ್ರ ಮಾಡಿದ್ರಲ್ಲಮ್ಮ" ಎಂದು ಒಬ್ಬ ಅಜ್ಜಿ ನಕ್ಕಿದ್ದರು. ಕೆಲವರಿಗೆ ವಾಕರಿಕೆ ಬರುತ್ತದೆ, ಅಪರೂಪಕ್ಕೆ ತೀವ್ರ ಅಲರ್ಜಿಯೂ ಆಗಬಹುದು.

ಈಗ ಬಣ್ಣವೂ ಬೇಡದ ವಿಧಾನ ಬಂದಿದೆ, ಓಸಿಟಿ ಆಂಜಿಯೋಗ್ರಫಿ. ಓಸಿಟಿ 1991ರಲ್ಲಿ ಅಮೆರಿಕದ ಎಂಐಟಿಯ ಪ್ರಯೋಗಾಲಯದಿಂದ ಬಂತು. ಬಸುರಿಯರ ಸ್ಕ್ಯಾನಿಂಗ್ ಶಬ್ದದ ಅಲೆಗಳಿಂದ ಮಾಡಿದ್ದನ್ನು ಇದು ಬೆಳಕಿನಿಂದ ಮಾಡುತ್ತದೆ, ರೆಟಿನಾದ ಪದರ ಪದರವನ್ನೂ ತೋರಿಸುತ್ತದೆ. ಅದರಿಂದ ರಕ್ತನಾಳ ಹೇಗೆ ಕಾಣುತ್ತದೆ ಎಂದರೆ, ನಿಮ್ಮ ಬಾಲ್ಕನಿಯಿಂದ ಒಂದು ಕ್ಷಣದ ಅಂತರದಲ್ಲಿ ಎರಡು ಫೋಟೋ ತೆಗೆಯಿರಿ. ಕಟ್ಟಡ, ಮರ ಎರಡರಲ್ಲೂ ಅಲ್ಲೇ ಇರುತ್ತವೆ. ವಾಹನಗಳು ಮಾತ್ರ ಜಾಗ ಬದಲಿಸಿರುತ್ತವೆ. ಬದಲಾದ ಕಡೆ ಮಾತ್ರ ಚುಕ್ಕೆ ಇಡುತ್ತಾ ಹೋದರೆ ರಸ್ತೆಯ ನಕ್ಷೆಯೇ ಸಿಗುತ್ತದೆ. ಯಂತ್ರವೂ ಒಂದೇ ಜಾಗವನ್ನು ಮತ್ತೆ ಮತ್ತೆ ಓದಿ, ರಕ್ತಕಣಗಳು ಓಡಿದ ಕಡೆಯನ್ನಷ್ಟೇ ಗುರುತು ಮಾಡುತ್ತದೆ. ನೀವು ಗಲ್ಲ ಇಟ್ಟು ಕೆಲವು ಸೆಕೆಂಡು ರೆಪ್ಪೆ ಬಡಿಯದೆ ಕೂತರೆ ಸಾಕು.

ಧಾರವಾಡದ ಕಡೆಯ ಒಬ್ಬ ತಾಯಿ ಗಂಡನ ಪೊರೆ ಆಪರೇಷನ್‌ಗೆಂದು ನಮ್ಮಲ್ಲಿಗೆ ಬಂದಿದ್ದರು. ಅವರಿಗೇ ಹನ್ನೊಂದು ವರ್ಷದಿಂದ ಶುಗರ್. ಕಣ್ಣು ತೋರಿಸಿದ್ದೀರಾ ಎಂದರೆ, "ನನಗೇನಾಗೇದ್ರೀ, ಸೂಜ್ಯಾಗ ದಾರಾ ಪೋಣಸ್ತೀನಿ" ಎಂದರು. ಬೋರ್ಡಿನ ಕೊನೆಯ ಸಾಲನ್ನೂ ಸರಾಗ ಓದಿದರು. ಆದರೆ ಸ್ಕ್ಯಾನ್ ಬೇರೆಯೇ ಹೇಳಿತು. ದೃಷ್ಟಿಯ ನಟ್ಟನಡುವೆ ಎಲ್ಲರಿಗೂ ಸುಮಾರು ಅರ್ಧ ಮಿಲಿಮೀಟರಿನಷ್ಟು ನಾಳಗಳಿಲ್ಲದ ಜಾಗ ಇರುತ್ತದೆ. ಅವರದು ಹಿಗ್ಗಿತ್ತು, ಅಂಚು ಹರಿದಿತ್ತು. ಸುತ್ತಲಿನ ಬಲೆಯಲ್ಲಿ ಅಲ್ಲಲ್ಲಿ ತೇಪೆಯಷ್ಟು ಖಾಲಿ. ಸಕ್ಕರೆಯಿಂದ ಸಣ್ಣ ನಾಳಗಳು ಮುಚ್ಚಿಹೋಗಿದ್ದವು. ಲೇಸರ್, ಇಂಜೆಕ್ಷನ್ ಈಗಲೇ ಬೇಡ, ಶುಗರ್ ಮತ್ತು ಬಿಪಿ ಹತೋಟಿಗೆ ತನ್ನಿ, ಕೆಲವೇ ತಿಂಗಳಲ್ಲಿ ಮತ್ತೆ ಬನ್ನಿ ಎಂದರು ಡಾಕ್ಟರು. ಆ ಹನ್ನೊಂದು ವರ್ಷದಲ್ಲಿ ಅತ್ತೆಯನ್ನು, ಗಂಡನನ್ನು ಆಕೆ ಎಷ್ಟು ಸಲ ಆಸ್ಪತ್ರೆಗೆ ಕರೆತಂದಿದ್ದರೋ! ಪ್ರತಿ ಸಲವೂ ಹೊರಗಿನ ಬೆಂಚಿನ ಮೇಲೆ, ಬ್ಯಾಗ್ ಹಿಡಿದು. ನಮ್ಮ ಬೆಂಚಿನ ಮೇಲೆ ಇಂಥವರು ದಿನವೂ ಇರುತ್ತಾರೆ. ನನಗೆ ಸಿಟ್ಟು ಬರುವುದು ಅಲ್ಲೇ.

ಹಾಗೆಂದು ಎಲ್ಲರೂ ಈ ಸ್ಕ್ಯಾನ್ ಮಾಡಿಸಬೇಕಿಲ್ಲ. ತಪಾಸಣೆಗೆ ಹೆಚ್ಚಿನವರಿಗೆ ಸಾದಾ ರೆಟಿನಾ ಫೋಟೋ ಸಾಕು. ಅದಕ್ಕೆ ಬೆಂಗಳೂರಿನಲ್ಲೇ ತಯಾರಾದ 'ತ್ರಿನೇತ್ರ'ದಂಥ ಕ್ಯಾಮೆರಾಗಳೂ ಇವೆ. ಓಸಿಟಿ ಆಂಜಿಯೋಗ್ರಫಿಗೆ ನಾಳ ಸೋರುವುದು ಕಾಣುವುದಿಲ್ಲ, ದಟ್ಟ ಪೊರೆ ಇದ್ದರೆ ಚಿತ್ರ ಮಸುಕಾಗುತ್ತದೆ. ಡಾಕ್ಟರು ಹಳದಿ ಬಣ್ಣದ ಪರೀಕ್ಷೆಯನ್ನೇ ಹೇಳಿದರೆ ಅದಕ್ಕೆ ಕಾರಣವಿರುತ್ತದೆ.

ಅಜ್ಜಿಯಾಗುವವರಿಗೆ ಇನ್ನೊಂದು ಮಾತು. ದಿನ ತುಂಬುವ ಮೊದಲೇ ಹುಟ್ಟಿದ ಕೂಸಿನ ರೆಟಿನಾದ ನಾಳಗಳು ಪೂರ್ತಿ ಬೆಳೆದಿರುವುದಿಲ್ಲ. 34 ವಾರಕ್ಕೆ ಮೊದಲು ಹುಟ್ಟಿದ್ದರೆ ಅಥವಾ ಎರಡು ಕಿಲೋಗಿಂತ ಕಡಿಮೆ ತೂಕವಿದ್ದರೆ ಮೂವತ್ತು ದಿನದೊಳಗೆ ಕಣ್ಣು ತೋರಿಸಲೇಬೇಕು. ಬೆಂಗಳೂರಿನ ನಾರಾಯಣ ನೇತ್ರಾಲಯದವರು 2008ರಿಂದ ಇದಕ್ಕಾಗಿಯೇ ಕ್ಯಾಮೆರಾ ಹೊತ್ತು ಜಿಲ್ಲೆಗಳ ಆಸ್ಪತ್ರೆಗಳಿಗೆ ಹೋಗುತ್ತಿದ್ದಾರೆ. ಬಾಣಂತನದ ನಲವತ್ತು ದಿನ ಮಗುವನ್ನು ಹೊರಗೆ ತರಬಾರದು ಎಂದು ಕಾಯಬೇಡಿ.

ದೊಡ್ಡವರಿಗೆ ಬರುವ ಶುಗರ್ ಆದರೆ ಗೊತ್ತಾದ ವರ್ಷವೇ ಕಣ್ಣು ತೋರಿಸಿ, ಆಮೇಲೆ ವರ್ಷಕ್ಕೊಮ್ಮೆ. ಮೊದಲೇ ಶುಗರ್ ಇದ್ದು ಗರ್ಭಿಣಿಯಾದವರು ಮೊದಲ ಮೂರು ತಿಂಗಳಲ್ಲೇ ಬನ್ನಿ. ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕಿದರೆ ಕೆಲವು ಗಂಟೆ ಕಣ್ಣು ಮಂಜಾಗಿರುತ್ತದೆ, ಸ್ಕೂಟಿ ತರಬೇಡಿ. ಅವತ್ತು ಬ್ಯಾಗ್ ಹಿಡಿಯಲು ಮನೆಯವರನ್ನು ಕರೆತನ್ನಿ. ಹಳೆಯ ಫೋಟೋ, ರಿಪೋರ್ಟ್ ಇದ್ದರೆ ಅವೂ ಇರಲಿ, ಹೋಲಿಸಿ ನೋಡಲು ನನಗೆ ಬೇಕಾಗುತ್ತವೆ.